ಮೂಗು ಮುಚ್ಚಿಕೊಂಡು ನಡೆದ ದಾರಿ

ನಡಿಗೆಯ ಬಗ್ಗೆ ಬರೆಯುವವರೆಲ್ಲ ಇಬ್ಬನಿ, ಹಕ್ಕಿಯ ಕೂಗು, ಮಣ್ಣಿನ ಪರಿಮಳ ಎಂದು ಶುರು ಮಾಡುತ್ತಾರೆ. ಅವರು ಎಲ್ಲಿ ನಡೆಯುತ್ತಾರೋ ನನಗೆ ಗೊತ್ತಿಲ್ಲ. ನಾನು ನಡೆದದ್ದು ಕಾಪುವಿನಿಂದ ಉಡುಪಿ, ಮಣಿಪಾಲ, ಹಿರಿಯಡ್ಕದ ಮೇಲಾಗಿ ಕಾರ್ಕಳದ ಕಡೆಗೆ. ನನಗೆ ಸಿಕ್ಕಿದ್ದು ಮೀನಿನ ಲಾರಿಯಿಂದ ಸುರಿದ ನೀರು, ಕೋಳಿ ಪುಕ್ಕ, ಬಸ್ಸಿನ ಕಿಟಕಿಯಿಂದ ಹಾರಿಬಂದ ಎಲೆಯಡಿಕೆಯ ಉಗುಳು. ಆ ಉಗುಳು ನನ್ನ ಹೊಸ ಶೂವಿನ ಮೇಲೆ ಬಿದ್ದ ದಿನ ನಾನು ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿಯೂ ಇದ್ದೇನೆ. ನಾನು ಬಸ್ ತಪ್ಪಿಸಿಕೊಂಡಿದ್ದೇನೆ ಎಂದುಕೊಂಡು ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿದ. "ಬೇಗ ಬನ್ನಿ ಅಕ್ಕ, ಬೇಗ" ಎಂದು ಕೈ ಬೇರೆ ಚಾಚಿದ. ಬೈಗುಳವೆಲ್ಲ ಬಾಯಲ್ಲೇ ಉಳಿಯಿತು.

ಮಣಿಪಾಲದ ಒಂದು ಲ್ಯಾಬಿನಲ್ಲಿ ನಿವೃತ್ತಿಯವರೆಗೆ ಕೆಲಸ ಮಾಡಿದವಳು ನಾನು. ಊರವರ ರಕ್ತ, ಕಫ, ಮಲ, ಮೂತ್ರ ಎಲ್ಲ ನನ್ನ ಕೈಯ ಮೇಲೆ ಹಾದುಹೋಗಿದೆ. ಮಧ್ಯಾಹ್ನ ಅದೇ ಕೈ ತೊಳೆದು ಬುತ್ತಿ ಬಿಚ್ಚಿ ಉಂಡಿದ್ದೇನೆ. ಡಬ್ಬಿ, ಮುಚ್ಚಳ, ಮೇಲೊಂದು ಚೀಟಿ ಇದ್ದರೆ ನನಗೆ ಯಾವುದೂ ಅಸಹ್ಯವಲ್ಲ. ಆದರೆ ಯಾರದೆಂದು ಗೊತ್ತಿಲ್ಲದೆ ದಾರಿಯ ಬದಿಯಲ್ಲಿ ಒಡೆದು ಬಿದ್ದದ್ದನ್ನು ಕಂಡರೆ ಹೊಟ್ಟೆ ತೊಳಸುತ್ತದೆ. ನಿವೃತ್ತಿಯಾದ ಮೇಲೆ ಮಂಡಿ ಹಿಡಿಯಬಾರದೆಂದು ನಡೆಯಲು ಹೊರಟೆ. ಮಂಡಿ ಸರಿಯಾಯಿತು, ಹೊಟ್ಟೆ ಕೆಟ್ಟಿತು.

ಜೊತೆಗೆ ಬರುತ್ತಿದ್ದವಳು ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯವಳು. ಬ್ಯಾರಿ ಹೆಂಗಸು, ನನಗಿಂತ ಚಿಕ್ಕವಳು. ಗಂಡ ದುಬೈಯಲ್ಲಿ, ಸಕ್ಕರೆ ಕಾಯಿಲೆ ಇವಳ ಮೈಯಲ್ಲಿ. ಬುರ್ಖಾದ ಕೆಳಗೆ ಗಂಡ ಕಳಿಸಿದ ದಪ್ಪ ಅಟ್ಟೆಯ ಶೂ ಹಾಕಿಕೊಂಡು ನನಗಿಂತ ಮುಂದೆ ಮುಂದೆ ಹೋಗುತ್ತಿದ್ದಳು. ಕಾರ್ಕಳದವರೆಗೆ ನಡೆಯಬೇಕೆಂಬ ಹುಚ್ಚು ಹಿಡಿಸಿದ್ದೂ ಅವಳೇ. ಒಂದೇ ದಿನಕ್ಕೆ ಅಷ್ಟು ದೂರ ನಮ್ಮಿಂದ ಆಗುವ ಮಾತಲ್ಲ. ಹಾಗಾಗಿ ನಾವೇ ಒಂದು ನಿಯಮ ಮಾಡಿಕೊಂಡೆವು: ಪ್ರತಿ ಭಾನುವಾರ ಆದಷ್ಟು ನಡೆಯುವುದು, ಸಾಕಾದಲ್ಲಿ ನಿಂತು ಬಸ್ ಹತ್ತಿ ಮನೆಗೆ ಬರುವುದು, ಮುಂದಿನ ಭಾನುವಾರ ಬಸ್ಸಿನಲ್ಲಿ ಅದೇ ಜಾಗಕ್ಕೆ ಹೋಗಿ ಅಲ್ಲಿಂದ ಮುಂದುವರಿಸುವುದು. ಒಂದು ಹೆಜ್ಜೆಯನ್ನೂ ಹಾರಿಸುವಂತಿಲ್ಲ.

ಕಾಪುವಿನಿಂದ ಉಡುಪಿಯವರೆಗಿನ ಹೆದ್ದಾರಿಯ ಬಗ್ಗೆ ಹೇಳದಿರುವುದೇ ವಾಸಿ. ಮೀನಿನ ಲಾರಿಗಳು ಐಸ್ ಕರಗಿದ ನೀರನ್ನು ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುತ್ತವೆ. ಬಿಸಿಲಿಗೆ ಅದು ಒಣಗಿ ರಸ್ತೆಗೆ ಬಳಿದ ಹಾಗೆ ಅಂಟುತ್ತದೆ. ನಾನು ಮೀನು ತಿಂದೇ ಬೆಳೆದವಳು, ಬಂಗುಡೆ ಇಲ್ಲದ ಊಟ ನನಗೆ ಊಟವೇ ಅಲ್ಲ. ಆದರೂ ಆ ಭಾನುವಾರ ಮನೆಗೆ ಬಂದು ಮೀನಿನ ಸಾರಿನ ಮುಚ್ಚಳ ತೆಗೆಯಲು ನನ್ನಿಂದಾಗಲಿಲ್ಲ. ಉಡುಪಿಯಲ್ಲಿ ತೋಡಿನ ಮೇಲಿನ ಸೇತುವೆ ದಾಟುವಾಗ ಉಸಿರು ಕಟ್ಟಿ ಓಡಿದೆವು. ದೇವಸ್ಥಾನಕ್ಕೆಂದು ಶುದ್ಧವಾಗಿ ಮಿಂದು ಬಂದ ಒಂದು ಕುಟುಂಬ ಕಾರಿನ ಗಾಜು ಇಳಿಸಿ, ತಿಂಡಿ ತಿಂದ ತಟ್ಟೆಗಳನ್ನೆಲ್ಲ ಅದೇ ತೋಡಿಗೆ ಎಸೆಯಿತು. ಹಣೆಯ ಮೇಲಿನ ಗಂಧ ಇನ್ನೂ ಆರಿರಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಗಾಜು ಮೇಲೇರಿತು.

ಮಣಿಪಾಲ ಚಂದದ ಊರು ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಅಲ್ಲಿಯ ಫುಟ್‌ಪಾತಿನಲ್ಲಿ ನಡೆದು ನೋಡಬೇಕು. ಶನಿವಾರ ರಾತ್ರಿ ಕಾಲೇಜು ಮಕ್ಕಳು ಕುಡಿದು ಕಕ್ಕಿದ್ದೆಲ್ಲ ಅಲ್ಲಲ್ಲೇ ಇರುತ್ತದೆ. ಯಾರು ಏನು ತಿಂದಿದ್ದರು ಎಂದು ಹೇಳುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಪರ್ಕಳದ ಇಳಿಜಾರಿನಲ್ಲಿ ಒಬ್ಬಾತ ಸ್ಕೂಟರ್ ನಿಲ್ಲಿಸಿ, "ಬಸ್ ಸಿಗ್ಲಿಲ್ವಾ? ಒಬ್ಬರನ್ನು ಬಿಡ್ಬಹುದು" ಎಂದ. ನಡೆಯಲಿಕ್ಕೆಂದೇ ಬಂದದ್ದು ಎಂದೆವು. "ಎಂತ, ಹರಕೆಯಾ?" ಎಂದು ಕೇಳಿದ. ಹರಕೆಯೂ ಅಲ್ಲ ಎಂದಾಗ ನಮ್ಮಿಬ್ಬರ ಮುಖವನ್ನೂ ನೋಡಿ, ಪಾಪ ಎನ್ನುವ ಹಾಗೆ ತಲೆಯಾಡಿಸಿ ಹೋದ. ನಮ್ಮ ಕಡೆ ಕೆಲಸವಿಲ್ಲದೆ, ಹರಕೆಯಿಲ್ಲದೆ ಯಾರೂ ನಡೆಯುವುದಿಲ್ಲ. ಬಿಸಾಡಲಿಕ್ಕಾದರೆ ಮಾತ್ರ ಎಷ್ಟು ದೂರ ಬೇಕಾದರೂ ಹೋಗುತ್ತಾರೆ.

ಹಿರಿಯಡ್ಕದ ಪೇಟೆ ದಾಟಿ ಸ್ವಲ್ಪ ಮುಂದೆ, ಕಾರ್ಕಳದ ಕಡೆಗೆ, ಒಂದು ತಿರುವಿದೆ. ಎರಡೂ ಬದಿಯಲ್ಲಿ ಮರ, ಹತ್ತಿರದಲ್ಲಿ ಮನೆಗಳಿಲ್ಲ. ಅಂಥ ತಿರುವು ಸಿಕ್ಕರೆ ನಮ್ಮವರಿಗೆ ಹಬ್ಬ. ನಾವು ಆ ಭಾನುವಾರ ಅಲ್ಲಿಗೆ ಮುಟ್ಟುವ ಮೊದಲೇ ವಾಸನೆ ನಮ್ಮನ್ನು ಬಂದು ಮುಟ್ಟಿತು. ಕೋಳಿಯಂಗಡಿಯ ಗೋಣಿಗಳು ಒಡೆದು ಕರುಳೆಲ್ಲ ಹೊರಗೆ ಬಂದಿತ್ತು. ಹುಳ ಹರಿದಾಡುತ್ತಿತ್ತು. ನಾಯಿಗಳು ಎಳೆದಾಡಿದ ಡೈಪರುಗಳು ಬಾಯಿ ತೆರೆದುಕೊಂಡು ರಸ್ತೆಯವರೆಗೆ ಬಂದು ಬಿದ್ದಿದ್ದವು. ದೊಡ್ಡವರ ಡೈಪರು. ಮಗುವಿನದ್ದಾದರೆ ಇಷ್ಟು ಅಸಹ್ಯವಾಗುತ್ತಿರಲಿಲ್ಲವೇನೋ. ಗೆಳತಿ ಬುರ್ಖಾದ ತುದಿಯನ್ನು ಮೂಗಿಗೆ ಒತ್ತಿಕೊಂಡಳು. ನಾನು ಬದಿಗೆ ಹೋಗಿ ಬೆಳಗಿನ ಚಹಾ ಕಕ್ಕಿದೆ.

ಅಲ್ಲಿಯೇ ಮರಕ್ಕೆ ಮೊಳೆ ಹೊಡೆದು ಒಂದು ಹಲಗೆ ಕೂರಿಸಿದ್ದರು. ಇಲ್ಲಿ ಕಸ ಎಸೆಯುವವರ ಮೇಲೆ ಊರಿನ ದೈವದ ಮುಂದೆ ದೂರು ಇಡಲಾಗಿದೆ, ಮುಂದೆ ಆಗುವುದಕ್ಕೆ ನಾವು ಜವಾಬ್ದಾರರಲ್ಲ ಎಂದು ಕೆಂಪು ಬಣ್ಣದಲ್ಲಿ ಬರೆದಿದ್ದರು. ಕೆಳಗೆ ಒಂದು ಕಾಣಿಕೆ ಡಬ್ಬಿ. ನಮ್ಮಲ್ಲಿ ಇದು ಹಳೆಯ ಪದ್ಧತಿ. ತೆಂಗಿನಕಾಯಿ ಕದ್ದವನು ಯಾರೆಂದು ಗೊತ್ತಾಗದಿದ್ದರೆ ದೈವದ ಮುಂದೆ ಕಾಣಿಕೆ ಇಟ್ಟು, ಅವನನ್ನು ನೀನೇ ಹುಡುಕಿಕೋ ಎಂದು ಹೇಳಿ ಬರುತ್ತೇವೆ. ಆಮೇಲೆ ಯಾರ ಮನೆಯಲ್ಲಿ ದನ ಸತ್ತರೂ, ಯಾರಾದರೂ ಹಾಸಿಗೆ ಹಿಡಿದರೂ ಅದು ದೈವ ತೋರಿಸಿದ್ದು ಎಂದೇ ಲೆಕ್ಕ. ತಪ್ಪು ಮಾಡಿದವರೇ ಬಂದು ತಪ್ಪುಕಾಣಿಕೆ ಹಾಕುವವರೆಗೆ ಬಿಡುಗಡೆಯಿಲ್ಲ. ನನಗೆ ಇದರಲ್ಲೆಲ್ಲ ಅಂಥ ನಂಬಿಕೆಯಿಲ್ಲ. ಆದರೂ ಪರ್ಸು ತೆರೆದು ಒಂದು ನಾಣ್ಯ ಹಾಕಿದೆ. "ಕೈ ಕೊಳೆತು ಹೋಗ್ಲಿ ಅವರದ್ದು" ಎಂದೂ ಸೇರಿಸಿದೆ. ಗೆಳತಿ ನಕ್ಕಳು. "ನಿಮ್ಮ ಬಾಯಿ ಸಾಕು ಅಕ್ಕ, ದೈವ ಬೇಡ" ಎಂದಳು. ಆ ದಿನದ ನಡಿಗೆ ಅಲ್ಲಿಗೇ ನಿಂತಿತು.

ನಿಯಮ ನಿಯಮವೇ. ಮುಂದಿನ ಭಾನುವಾರ ಬಸ್ಸಿನಲ್ಲಿ ಬಂದು ಅದೇ ತಿರುವಿನಲ್ಲಿ ಇಳಿದೆವು. ಬೇಗ ಬೇಗ ದಾಟಿ ಹೋಗೋಣ ಎಂದು ಕರವಸ್ತ್ರ ಬಿಗಿದುಕೊಂಡಿದ್ದೆ. ಹಲಗೆ ಹಾಗೇ ಇತ್ತು, ಕಸ ಹೆಚ್ಚಾಗಿತ್ತು. ಹಲಗೆಯ ಕೆಳಗೇ ಹೊಸದಾಗಿ ಬಿದ್ದ ಒಂದು ಕಟ್ಟಿತ್ತು, ನಾಯಿಗಳು ಇನ್ನೂ ಮುಟ್ಟಿರಲಿಲ್ಲ. ಪ್ಲಾಸ್ಟಿಕ್ ಚೀಲ, ಅದರ ಬಾಯಿಗೆ ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಎರಡು ಗಂಟು. ಬದನೆಕಾಯಿ ಬಣ್ಣದ ವಾಯಿಲ್, ಹಳದಿ ಅಂಚು.

ಆ ಸೀರೆಯನ್ನು ಉಡುಪಿಯಲ್ಲಿ ಆರಿಸಿದವಳು ನಾನು. ಅಮ್ಮನಿಗೆಂದು ತಂದದ್ದು. "ಈ ಬಣ್ಣ ಯಾರು ಉಡ್ತಾರೆ?" ಎಂದು ಅವಳು ಮೂಗು ಮುರಿದು, ಆಮೇಲೆ ಹರಿಯುವವರೆಗೆ ಉಟ್ಟಿದ್ದಳು. ಅವಳು ಹಾಸಿಗೆ ಹಿಡಿದ ಮೇಲೆ ಒರೆಸಲಿಕ್ಕಾಗುತ್ತದೆ ಎಂದು ಅದನ್ನು ಪಟ್ಟಿ ಪಟ್ಟಿಯಾಗಿ ಹರಿದಿಟ್ಟದ್ದೂ ನಾನೇ. ಅಮ್ಮ ಇರುವುದು ಹಿರಿಯಡ್ಕದಲ್ಲಿ, ತಮ್ಮನ ಮನೆಯಲ್ಲಿ. ತಮ್ಮನಿಗೆ ಕಾರ್ಕಳದ ಹತ್ತಿರ ಕಲ್ಲು ಪಾಲಿಶ್ ಮಾಡುವಲ್ಲಿ ಕೆಲಸ. ದಿನಾ ಬೆಳಕು ಹರಿಯುವ ಹೊತ್ತಿಗೆ ಬೈಕಿನಲ್ಲಿ ಇದೇ ದಾರಿಯಲ್ಲಿ ಹೋಗುತ್ತಾನೆ. ಡೈಪರಿನ ಪ್ಯಾಕೆಟ್ಟುಗಳನ್ನು ಮಣಿಪಾಲದಿಂದ ಕೊಂಡು ತಂದು ಆ ಮನೆಗೆ ಮುಟ್ಟಿಸುವವಳು ನಾನು. ಬಳಸಿದ ಮೇಲೆ ಅವು ಎಲ್ಲಿಗೆ ಹೋಗುತ್ತವೆ ಎಂದು ಒಂದು ದಿನವೂ ಕೇಳಿರಲಿಲ್ಲ.

"ಎಂತಾಯ್ತು ಅಕ್ಕ?" ಎಂದು ಗೆಳತಿ ಕೇಳಿದಳು.

"ಇವತ್ತು ಕಾರ್ಕಳ ಬೇಡ ಮಾರಾಯ್ತಿ. ತಮ್ಮನ ಮನೆಗೆ ಹೋಗ್ಲಿಕ್ಕುಂಟು" ಎಂದೆ.

ಅವಳು ಕಟ್ಟನ್ನೂ ನೋಡಿದಳು, ನನ್ನ ಮುಖವನ್ನೂ ನೋಡಿದಳು. ಹಿರಿಯಡ್ಕಕ್ಕೆ ವಾಪಸು ನಡೆಯುವಾಗ ತಾನಾಗಿಯೇ, "ನಮ್ಮ ಮಾವಿಯದ್ದು ನಾವು ಹಿತ್ತಿಲಲ್ಲಿ ಹೊಂಡ ತೆಗ್ದು ಹೂಳ್ತಿದ್ದೆವು. ನಮ್ಮದು ಕಡಲಬದಿಯ ಹೊಯಿಗೆ ಅಲ್ವಾ, ತೋಡ್ಲಿಕ್ಕೆ ಸುಲಭ. ಇಲ್ಲಿ ಪೂರಾ ಮುರಕಲ್ಲು" ಎಂದಳು. ಮಾವಿ ಎಂದರೆ ಅವಳ ಅತ್ತೆ. ಪೇಟೆಯಿಂದ ಅವಳು ಬಸ್ ಹತ್ತಿ ಹೋದಳು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಅವಳಿಗೆ ಕೈ ಬೀಸಲೂ ಮರೆತೆ.

ತಮ್ಮ ಅಂಗಳದಲ್ಲಿ ಬೈಕು ತೊಳೆಯುತ್ತಿದ್ದ. ನಾನು ಚಪ್ಪರದ ಕೆಳಗೆ ನಿಂತೇ ಶುರು ಮಾಡಿದೆ. ನಾಚಿಕೆಯಿಲ್ಲವೇ, ಹಡೆದವಳ ಹೇಲನ್ನು ನಡುರಸ್ತೆಯಲ್ಲಿ ನಾಯಿಗೆ ಹಾಕುತ್ತೀಯಲ್ಲ ಎಂದೆ. ಇನ್ನೂ ಕೆಟ್ಟದ್ದಾಗಿ ಹೇಳಿದೆ, ಅದನ್ನೆಲ್ಲ ಬರೆಯುವುದು ಬೇಡ. ಅವನು ಪೈಪು ಕೆಳಗೆ ಹಾಕಿದ. ತಪ್ಪಿಸಿಕೊಳ್ಳಲು ನೋಡಲಿಲ್ಲ.

"ಮತ್ತೆ ಎಲ್ಲಿ ಬಿಸಾಡುವುದು ಅಕ್ಕ? ನೀನೇ ಹೇಳು. ಕಸದ ಗಾಡಿಯವರು ಒಣಕಸ ಮಾತ್ರ ತಗೊಳ್ತಾರೆ, ಇದನ್ನು ಕಂಡ್ರೆ ಗಾಡಿಯೇ ನಿಲ್ಲಿಸುವುದಿಲ್ಲ. ಸುಟ್ಟೆ, ಪಕ್ಕದ ಮನೆಯವರು ಜಗಳಕ್ಕೆ ಬಂದರು. ಹೂಳುವ ಅಂತ ಪಿಕ್ಕಾಸು ಹಾಕಿದೆ, ಕಲ್ಲು. ಒಂದು ಅಡಿ ಸಹ ಹೋಗ್ಲಿಲ್ಲ, ನಾಯಿ ತೆಗ್ದು ಅಂಗಳಕ್ಕೆ ತಂದು ಹಾಕಿತು. ನೀನು ತಿಂಗಳಿಗೊಮ್ಮೆ ಪ್ಯಾಕೆಟ್ ತಂದು ಇಟ್ಟು ಹೋಗ್ತಿ. ಅದು ಖಾಲಿ ಆಗುವುದು ಹೇಗೆ ಅಂತ ನಿಂಗೆ ಗೊತ್ತುಂಟಾ?"

ಉತ್ತರವಿಲ್ಲದಾಗ ನನಗೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ. ಅಲ್ಲಿ ಹಲಗೆ ಹಾಕಿದ್ದಾರೆ, ದೈವಕ್ಕೆ ದೂರು ಕೊಟ್ಟಿದ್ದಾರೆ, ಅದಾದರೂ ಕಣ್ಣಿಗೆ ಬೀಳಲಿಲ್ಲವೇ ಎಂದೆ.

ತಮ್ಮನ ಹೆಂಡತಿ ಒಳಗಿನಿಂದ ಓಡಿಬಂದು, "ಮೆಲ್ಲಗೆ ಅತ್ತಿಗೆ, ಮೆಲ್ಲಗೆ" ಎಂದಳು. "ಅತ್ತೆಗೆ ಅದು ಗೊತ್ತಾಗಿದೆ. ಮೊನ್ನೆ ನೋಡ್ಲಿಕ್ಕೆ ಬಂದವರು ಯಾರೋ ಹಲಗೆಯ ಸುದ್ದಿ ತೆಗೆದ್ರು. ಇವರು ಎಲ್ಲಿ ಬಿಸಾಡುವುದು ಅಂತ ಅತ್ತೆಗೆ ಮೊದಲೇ ಅಂದಾಜಿತ್ತು. ಅವತ್ತಿನಿಂದ ಒಂದು ನಮೂನೆ ಮಾಡ್ತಾರೆ."

ಒಳಗೆ ಹೋದೆ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಲೆಯ ಬಳಿ ಸ್ಟೂಲಿನ ಮೇಲೆ ಚಹಾ ಕೆನೆಗಟ್ಟಿತ್ತು. ಪಕ್ಕದಲ್ಲಿ ಗಂಜಿ ತಿಳಿ, ಅದೂ ಹಾಗೇ. ನೀರಿನ ಲೋಟ ತುಂಬಿತ್ತು. ಮಾತಾಡಿಸಿದೆ, ತಿರುಗಿದಳು. ತುಟಿ ಬಿರುಕುಬಿಟ್ಟಿತ್ತು. ನಾಲಗೆ ಅಂಗುಳಕ್ಕೆ ಅಂಟಿಕೊಂಡು ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಕೈಯ ಚರ್ಮವನ್ನು ಎತ್ತಿ ಬಿಟ್ಟೆ. ಎತ್ತಿದಲ್ಲಿಯೇ ನಿಂತಿತು. ಕೋಣೆಯ ಮೂಲೆಯಲ್ಲಿ ಆ ದಿನ ಬೆಳಿಗ್ಗೆ ಕಟ್ಟಿಟ್ಟ ಚೀಲವಿತ್ತು. ಎತ್ತಿ ನೋಡಿದೆ. ಹತ್ತಿ ತುಂಬಿದ ಹಾಗೆ ಹಗುರ. ಅಷ್ಟು ವರ್ಷ ಮೂತ್ರದ ಬಾಟಲಿ ಹಿಡಿದವಳಿಗೆ ಬೇರೆ ಪರೀಕ್ಷೆ ಬೇಕಾಗಿರಲಿಲ್ಲ.

"ನೀರು ಯಾಕೆ ಕುಡಿಯುವುದಿಲ್ಲ ಅಮ್ಮ?"

ಅಮ್ಮ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. "ಕುಡಿದರೆ ಹೋಗ್ತದೆ. ಹೋದರೆ ಅವನು ಕೊಂಡುಹೋಗಿ ದೈವದ ಜಾಗದಲ್ಲಿ ಬಿಸಾಡ್ಬೇಕು. ನನ್ನ ಹೇಸಿಗೆಗೆ ನನ್ನ ಮಗನ ಮೇಲೆ ದೂರು ಬೀಳುವುದು ಬೇಡ. ನಂದು ಹೇಗೂ ಮುಗೀತು. ಅವನಿಗೆ ಮಕ್ಕಳುಂಟು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕೋಳಿಯಂಗಡಿಯವನು ಹಲಗೆಯ ಬುಡಕ್ಕೇ ಗೋಣಿ ಸುರಿದು ಹಾಯಾಗಿ ಮಲಗುತ್ತಾನೆ. ದೂರು ಹೋಗಿ ತಟ್ಟಿದ್ದು ಎದ್ದು ಕೂರಲಾಗದ ಒಬ್ಬ ಮುದುಕಿಗೆ. ಅದಕ್ಕೊಂದು ನಾಣ್ಯ ನನ್ನದೂ ಇತ್ತು. ಆ ಹಲಗೆಯ ಮೇಲೆ, ತಮ್ಮನ ಮೇಲೆ, ಕಸದ ಗಾಡಿಯ ಮೇಲೆ, ನನ್ನ ಹಾಳು ಬಾಯಿಯ ಮೇಲೆ ಒಟ್ಟಿಗೇ ಅಸಹ್ಯ ಬಂತು. ಚಮಚದಲ್ಲಿ ನೀರು ಹಿಡಿದೆ. ಅಮ್ಮ ಹಲ್ಲು ಕಚ್ಚಿ ಬಾಯಿ ಮುಚ್ಚಿದಳು. ಹಟದಲ್ಲಿ ನಾನು ಅವಳ ಮಗಳೇ, ಆದರೆ ಅವಳನ್ನು ಗೆಲ್ಲುವಷ್ಟಲ್ಲ.

ತಮ್ಮ ಅಂದೇ ಹೋಗಿ ತಪ್ಪುಕಾಣಿಕೆ ಹಾಕಿ ಬಂದ. ಇನ್ನು ಭಯವಿಲ್ಲ ಎಂದು ಕಾಲ ಬಳಿ ಕೂತು ಹೇಳಿದ. ಅಮ್ಮ, "ನಾಳೆಯದ್ದು ಎಲ್ಲಿ ಬಿಸಾಡ್ತಿ?" ಎಂದಳು.

"ನಾನು ಕೊಂಡುಹೋಗ್ತೇನೆ" ಎಂದೆ. "ನಮ್ಮ ಲ್ಯಾಬಿನಲ್ಲಿ ಇಂಥದ್ದನ್ನು ಹಳದಿ ಚೀಲಕ್ಕೆ ಹಾಕ್ತಾರೆ. ಗಾಡಿ ಬಂದು ತೆಗೊಂಡು ಹೋಗಿ ಸುಡ್ತಾರೆ. ಕೇಳಿದ್ರೆ ಇಲ್ಲ ಅನ್ಲಿಕ್ಕಿಲ್ಲ."

"ಮಣಿಪಾಲಕ್ಕಾ? ಬಸ್ಸಿನಲ್ಲಾ?" ಅಮ್ಮನ ಮುಖ ಇನ್ನೂ ಕುಗ್ಗಿತು. "ಬಸ್ಸಿನವರಿಗೂ ಹೇಸಿಗೆಯಾ? ಬೇಡ."

"ಬಸ್ಸಿನಲ್ಲಿ ಅಲ್ಲ. ನಡ್ಕೊಂಡು."

ಅಮ್ಮ ನನ್ನ ಮುಖ ನೋಡಿದಳು. ನಾನು ಸುಮ್ಮನೆ ಹೇಳುತ್ತಿದ್ದೇನೆಯೋ ಎಂದು ಹುಡುಕುತ್ತಿದ್ದಳು. ನಾನು ಆ ಹಗುರ ಚೀಲವನ್ನು ಇನ್ನೊಂದು ಚೀಲಕ್ಕೆ ಹಾಕಿ, ಶೂ ಕಟ್ಟಿ, ಅವಳ ಕಣ್ಣೆದುರೇ ಹೊರಟೆ. ಪೇಟೆ ದಾಟುವ ಮೊದಲು ಫೋನ್ ಬಂತು. ಅತ್ತೆ ಅರ್ಧ ಲೋಟ ನೀರು ಕುಡಿದರು ಎಂದು ತಮ್ಮನ ಹೆಂಡತಿ ಹೇಳಿದಳು. ಲ್ಯಾಬಿನಲ್ಲಿ ನನ್ನ ಹಳೆಯ ಸಹೋದ್ಯೋಗಿ ಮುಖ ಸಿಂಡರಿಸಿದಳು, ಆದರೂ ಹಳದಿ ಚೀಲದ ಬಾಯಿ ಬಿಡಿಸಿ ಹಿಡಿದಳು.

ಈಗ ಹಗಲಿಗೆಲ್ಲ ಬಟ್ಟೆ, ರಾತ್ರಿಗೆ ಮಾತ್ರ ಡೈಪರು. ವಾರಕ್ಕೆ ಎರಡು ಸಲ ಕಾಪುವಿನಿಂದ ಬಸ್ಸಿನಲ್ಲಿ ಹಿರಿಯಡ್ಕಕ್ಕೆ ಹೋಗುತ್ತೇನೆ, ಚೀಲ ಬೆನ್ನಿಗೇರಿಸಿ ಮಣಿಪಾಲದವರೆಗೆ ನಡೆಯುತ್ತೇನೆ. ಕಾರ್ಕಳ ಹಾಗೇ ಉಳಿದಿದೆ. ಗೆಳತಿ ಕೆಲವು ಸಲ ಜೊತೆಗೆ ಬರುತ್ತಾಳೆ, ಗಾಳಿ ನೋಡಿಕೊಂಡು ನನ್ನ ಮುಂದೆಯೋ ಹಿಂದೆಯೋ ನಡೆಯುತ್ತಾಳೆ. ಅದನ್ನು ನಾನು ತಪ್ಪು ತಿಳಿಯುವುದಿಲ್ಲ. ಹೆತ್ತವಳದ್ದು ವಾಸನೆ ಬರುವುದಿಲ್ಲ, ಪ್ರೀತಿಯಿದ್ದರೆ ಎಲ್ಲ ಪರಿಮಳ ಎಂದು ಒಬ್ಬರು ನನಗೆ ಉಪದೇಶ ಮಾಡಿದರು. ಅವರು ಬೇಸಿಗೆಯಲ್ಲಿ ಪರ್ಕಳದ ಏರಿನಲ್ಲಿ ಇದನ್ನು ಬೆನ್ನ ಮೇಲೆ ಹೊತ್ತವರಲ್ಲ. ವಾಸನೆ ಬರುತ್ತದೆ. ಒಂದರೊಳಗೊಂದು ಮೂರು ಚೀಲ ಹಾಕಿ ಬಿಗಿದರೂ ಬರುತ್ತದೆ, ಬೆವರಿನ ಜೊತೆ ಸೇರಿ ಕುತ್ತಿಗೆಗೆ ಹತ್ತುತ್ತದೆ. ಎಷ್ಟೋ ಸಲ ಮರದ ಬದಿಗೆ ಹೋಗಿ ಕಕ್ಕಿ, ಬಾಯಿ ಮುಕ್ಕಳಿಸಿ ಮುಂದೆ ಹೋಗಿದ್ದೇನೆ.

ಮೊದಮೊದಲು ಅಮ್ಮ ಮೋಸ ಮಾಡುತ್ತಿದ್ದಳು. ಕುಡಿದೆ ಎಂದು ಹೇಳಿ, ಮಲಗಿದಲ್ಲಿಂದಲೇ ಕೈ ಚಾಚಿ ನೀರನ್ನು ಸ್ಟೂಲಿನ ಮೇಲಿನ ಹೂಜಿಗೇ ತಿರುಗಿ ಸುರಿಯುತ್ತಿದ್ದಳಂತೆ, ಮಗಳಿಗೆ ಭಾರವಾಗಬಾರದೆಂದು. ಚೀಲ ಎತ್ತಿದ ಕೂಡಲೇ ನನಗೆ ಗೊತ್ತಾಗುತ್ತಿತ್ತು. ಕೆಳಗಿಟ್ಟು, ಚೆಂಬು ತಂದು, ಅವಳು ಕುಡಿಯುವವರೆಗೆ ಹೊರಡುತ್ತಿರಲಿಲ್ಲ. ಬೈದಿದ್ದೇನೆ, ಒಂದು ಸಲ ಅತ್ತೂ ಇದ್ದೇನೆ.

ಕಳೆದ ಭಾನುವಾರ ಚೀಲ ಎತ್ತಿದಾಗ ಸೊಂಟ ಹಿಡಿದ ಹಾಗಾಯಿತು. ಪರ್ಕಳದ ಏರಿನಲ್ಲಿ ಪಟ್ಟಿ ಭುಜವನ್ನು ಕೊಯ್ಯುತ್ತಿತ್ತು. ಬಸ್ ಸ್ಟಾಪಿನ ಕಟ್ಟೆಯ ಮೇಲೆ ಚೀಲ ಇಳಿಸಿ ಏದುಸಿರು ಬಿಡುತ್ತಾ ನಿಂತೆ. ಅಲ್ಲಿ ಕೂತಿದ್ದ ಒಬ್ಬರು ವಯಸ್ಸಾದವರು ವಾಸನೆಗೆ ಸ್ವಲ್ಪ ಆಚೆ ಸರಿದರು, ಆದರೂ ಮನಸ್ಸು ತಡೆಯದೆ ಕೇಳಿದರು: "ಈ ಪ್ರಾಯದಲ್ಲಿ ಇಷ್ಟು ಭಾರ ಯಾಕೆ ಹೊರ್ತೀರಿ ಅಮ್ಮ? ಸ್ವಲ್ಪ ಕಮ್ಮಿ ಮಾಡ್ಲಿಕ್ಕೆ ಆಗುವುದಿಲ್ವಾ?"

"ಕಮ್ಮಿಯಾದ್ರೆ ನಂಗೆ ಹೆದರಿಕೆ ಆಗ್ತದೆ ಮಾರಾಯ್ರೆ" ಎಂದೆ.